ಮೊದಲು ಟ್ರಾಯಲ್, ಆಮೇಲೆ ಬಂದೂಕು

ಹೊಸ ಏರ್‌ಗನ್ ಕೈಗೆ ಬಂದ ಮನುಷ್ಯ ಮೊದಲಿನ ಮನುಷ್ಯನಾಗಿ ಉಳಿಯುವುದಿಲ್ಲ. ಡಾಕ್ಟರಿರಲಿ, ಹೆಡ್‌ಮಾಸ್ತರಿರಲಿ, ಅಕ್ಕಿ ವ್ಯಾಪಾರಿಯಿರಲಿ, ಹಿಡಿಕೆ ಭುಜಕ್ಕೆ ತಾಗಿತೆಂದರೆ ಒಂದು ಕಣ್ಣು ತಾನೇ ಮುಚ್ಚುತ್ತದೆ, ನಾಲಿಗೆ ತುಟಿಯ ಮೂಲೆಗೆ ಬರುತ್ತದೆ, ಉಸಿರು ನಿಲ್ಲುತ್ತದೆ. ಆಮೇಲೆ ಏನೋ ಒಂದು ಆಗಿಯೇ ತೀರುತ್ತದೆ. ಏನೂ ಆಗದೆ ಸುಸೂತ್ರವಾಗಿ ಮುಗಿದ ಟ್ರಾಯಲ್ ಅನ್ನು ನಾನಂತೂ ನೋಡಿಲ್ಲ.

ನೋಡಲಿಕ್ಕೆ ಅವಕಾಶ ಸಿಗಲಿಲ್ಲ ಅನ್ನುವ ಹಾಗೂ ಇಲ್ಲ. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಸ್ಟೇಷನ್ ರಸ್ತೆಯ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದವನು, ಎಂಬತ್ತರ ದಶಕವನ್ನೆಲ್ಲ ಅಲ್ಲೇ ಕಳೆದೆ. ಕೇರಂ ಬೋರ್ಡು, ಫುಟ್‌ಬಾಲು, ಶಾಲೆಗಳಿಗೆ ಬೇಕಾಗುವ ಬಹುಮಾನದ ಕಪ್ಪುಗಳು, ಇವುಗಳ ನಡುವೆ ಗಾಜಿನ ಬೀರುವಿನಲ್ಲಿ ಏರ್‌ಗನ್. ಅದಕ್ಕೆ ಮದ್ದು ಬೇಡ. ನಳಿಕೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ಜೋಳದ ಕಾಳಿನಷ್ಟು ಸೀಸದ ಗುಂಡು ಇಟ್ಟು ಟ್ರಿಗರ್ ಎಳೆದರೆ ಗಾಳಿಯ ಒತ್ತಡಕ್ಕೆ ಅದು ಹಾರುತ್ತದೆ. ಆ ಗುಂಡಿಗೆ ನಾವು ಛರ್ರೆ ಅನ್ನುತ್ತಿದ್ದೆವು. ‘ಟಪ್’ ಅಂತ ಒಂದು ಸದ್ದು, ಅಷ್ಟೇ.

ನಮ್ಮ ಮಾಲಕರು ಉರ್ದು ಮನೆಮಾತಿನ ಸಾಹೇಬರು. ಕನ್ನಡ, ಉರ್ದು, ತೆಲುಗು ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಉಣಬಡಿಸುವವರು. ಅವರದೊಂದು ನಿಯಮವಿತ್ತು: “ಪೈಲೇ ಟ್ರಾಯಲ್, ಆಮ್ಯಾಲ ಮಾಲ್.” ಗಿರಾಕಿ ಕೈಯಾರೆ ಒಂದು ಗುಂಡು ಹೊಡೆದು ನೋಡದೆ ಬಂದೂಕು ಅಂಗಡಿ ಬಿಟ್ಟು ಹೋಗಕೂಡದು. ಟ್ರಾಯಲ್ ತೋರಿಸುವ ಕೆಲಸ ನನ್ನದು. ನಾನು ಹೇಳುವುದೆಲ್ಲ ಆ ಟ್ರಾಯಲ್‌ಗಳ ಕಥೆ.

ಜಮಾದಾರರ ಪರೀಕ್ಷೆ

ಮೊದಲ ಸಲ ಏರ್‌ಗನ್ನುಗಳ ಪೆಟ್ಟಿಗೆ ರೈಲಿನಲ್ಲಿ ಬಂದಾಗ ಬಿಡಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ಪಾರ್ಸಲ್ ಬಾಬು ಪೆಟ್ಟಿಗೆಯ ಮೇಲಿನ ಹೆಸರು ಓದಿದವರೇ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಸ್ಟೇಷನ್ನಿನ ಪೊಲೀಸ್ ಜಮಾದಾರರನ್ನು ಕರೆಸಿದರು. ಜಮಾದಾರರು ದೊಡ್ಡ ಮೀಸೆಯವರು. ಬಂದು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಇದು ಬಂದೂಕು ಹೌದೋ ಅಲ್ಲೋ ಅನ್ನೂದು ನಾ ಹೇಳಬೇಕು,” ಅಂದರು. “ಬಂದೂಕು ಹೌದಂದ್ರ ಇಲ್ಲೇ ಇರ್ತದ. ಅಲ್ಲಂದ್ರ ನೀ ಒಯ್ಯಿ.”

“ಆಟದ್ದರೀ ಸಾಹೇಬ್ರ,” ಅಂದೆ ನಾನು.

“ನೀ ಹೇಳಿದ್ರ ಆಯ್ತೇನು? ಟ್ರಾಯಲ್ ಆಗಬೇಕು.”

ಪಾರ್ಸಲ್ ಆಫೀಸಿನಲ್ಲಿ ಟ್ರಾಯಲ್‌ಗೆ ಏನಿದೆ? ಮಾವಿನ ಹಣ್ಣಿನ ಬುಟ್ಟಿ, ಯಾರದೋ ಹೊಲಿಗೆ ಮಷೀನು, ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಡಿಯುವ ನೀರಿನ ಮಣ್ಣಿನ ಹರವಿ. ರಾಯಚೂರಿನ ಬೇಸಿಗೆ. ಆ ಹರವಿ ಒಂದಿತ್ತಂತ ಆಫೀಸು ನಡೆಯುತ್ತಿತ್ತು. ಜಮಾದಾರರ ಕಣ್ಣು ನೇರ ಅದರ ಮೇಲೆ ಬಿತ್ತು.

“ಅಯ್ಯ, ಕುಡಿಯೂ ನೀರ್ರೀ ಅದು!” ಅಂದರು ಪಾರ್ಸಲ್ ಬಾಬು.

“ಸರ್ಕಾರಿ ಕೆಲಸ,” ಅಂದರು ಜಮಾದಾರರು. ನಾನು ಛರ್ರೆ ಹಾಕಿ ಕೊಟ್ಟೆ. ಒಂದು ಕಣ್ಣು ಮುಚ್ಚಿದರು. ನಾಲಿಗೆ ಮೀಸೆಯ ಕೆಳಗಿನಿಂದ ಇಣುಕಿತು. ‘ಟಪ್’ ಅಂತು. ಹರವಿ ಅಲುಗಾಡಲಿಲ್ಲ. ನೆಟ್ಟಗೆ, ತಣ್ಣಗೆ, ಇದ್ದಲ್ಲೇ ಇತ್ತು.

ಜಮಾದಾರರು ಗಹಗಹಿಸಿ ನಕ್ಕರು. “ಹರವಿ ಒಡೀಲಾರದ್ದು ಬಂದೂಕಂತ! ನಮ್ಮ ಮನ್ಯಾಗ ಇದಕ್ಕಿಂತ ಜೋರು ಕೆಮ್ಮತಾರ.” ಹರವಿಯ ಪಕ್ಕದ ಕುರ್ಚಿಯಲ್ಲೇ ಆರಾಮಾಗಿ ಕುಳಿತು, ಇದು ಬಂದೂಕಲ್ಲ, ಆಟದ ವಸ್ತು ಅಂತ ಪಾರ್ಸಲ್ ಬಾಬುವಿಗೆ ಬರೆಸತೊಡಗಿದರು.

ನನಗೆ ಎದುರಿಗೇ ಕಾಣುತ್ತಿತ್ತು. ಹರವಿಯ ಹೊಟ್ಟೆಯಲ್ಲಿ ಸಣ್ಣ ತೂತು. ಅದರಿಂದ ನೂಲಿನಂಥ ನೀರು ಹೊರಟು, ಬಿಲ್ಲಿನ ಹಾಗೆ ಬಾಗಿ, ಸದ್ದಿಲ್ಲದೆ ಕುರ್ಚಿಯ ಮೇಲೆ ಇಳಿಯುತ್ತಿತ್ತು. ಹೇಳಲೇ? ಹೇಳಿದರೆ ಬಂದೂಕು ಅಂತ ಆಗುತ್ತದೆ, ಪೆಟ್ಟಿಗೆ ಅಲ್ಲೇ ಉಳಿಯುತ್ತದೆ, ಮಾಲಕರು ನನ್ನನ್ನೂ ಅಲ್ಲೇ ಉಳಿ ಅನ್ನುತ್ತಾರೆ. ಸುಮ್ಮನಿದ್ದೆ. ಅಂಥ ಬಿಸಿಲಿನಲ್ಲಿ ತಣ್ಣಗಾದದ್ದು ಜಮಾದಾರರಿಗೂ ಹಿತವಾಗಿತ್ತೋ ಏನೋ, ಅವರೂ ಗಮನಿಸಲಿಲ್ಲ.

ಸಹಿ ಮಾಡಿ, ಟೋಪಿ ಇಟ್ಟುಕೊಂಡು, ಎದ್ದು ತಿರುಗಿ ನಿಂತರು. ಖಾಕಿ ಪ್ಯಾಂಟು ಹಿಂದಿನಿಂದ ಮೊಣಕಾಲಿನವರೆಗೂ ಕಪ್ಪಗೆ ಒದ್ದೆ. ಹಮಾಲರು ನೋಡಿದರು, ಟಿಕೆಟ್ ಕೊಳ್ಳಲು ನಿಂತವರು ನೋಡಿದರು. ಪಾರ್ಸಲ್ ಬಾಬು ಮಾತ್ರ ಎದ್ದು ಬಂದು, ಅವರ ಕಿವಿಯ ಹತ್ತಿರ ಬಹಳ ಮರುಕದಿಂದ ಹೇಳಿದರು:

“ಇರಲಿ ಬಿಡ್ರಿ ಜಮಾದಾರ್ರ. ಮೊದಲನೇ ಸಲ ಬಂದೂಕು ಹೊಡದ್ರ ಎಲ್ಲಾರಿಗೂ ಹಂಗ ಆಗ್ತದ.”

ಬಾಯಿ ಯಾವ ಕಡೆ?

ಮಾನ್ವಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಹೇಳಿ ಕಳಿಸಿದ್ದರು: ಅಂಗಡಿಗೆ ಬರಲು ಪುರುಸೊತ್ತಿಲ್ಲ, ಟ್ರಾಯಲ್ ಇಲ್ಲೇ ಬಂದು ತೋರಿಸಿ. ಏರ್‌ಗನ್ನನ್ನು ಹಳೇ ಚಾದರದಲ್ಲಿ ಸುತ್ತಿ, ಸಿಂಧನೂರಿನ ಕಡೆ ಹೋಗುವ ಬಸ್ಸು ಹತ್ತಿದೆ. ಚಾದರ ಗಿಡ್ಡ, ಬಂದೂಕು ಉದ್ದ. ನಳಿಕೆಯ ತುದಿ ಒಂದು ಗೇಣು ಹೊರಗೆ ಇಣುಕುತ್ತಿತ್ತು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಟಾಪಿನ ಮೇಲೂ ಮಂದಿ. ನಡುವೆ ಹೇಗೋ ನಿಂತುಕೊಂಡೆ. ಮುಂದಿದ್ದ ಒಬ್ಬಾತ ತಿರುಗಿ ನೋಡಿದ. “ಏನದು?”

“ಏರ್‌ಗನ್ನು.”

“ಗನ್ನಂದ್ರ ಬಂದೂಕಲ್ಲೇನು? ಅದರ ಬಾಯಿ ನನ್ನ ಕಡೆ ಅದಲ್ಲೋ!”

ಅಷ್ಟು ಸಾಕಾಯಿತು. ಮುಂದಿದ್ದವರೆಲ್ಲ ಹಿಂದಕ್ಕೆ ತಳ್ಳಿಕೊಂಡು ಬಂದರು. ಕಾಲಿಡಲು ಜಾಗವಿಲ್ಲದ ಬಸ್ಸಿನ ಮುಂಭಾಗ ನೋಡುತ್ತಿದ್ದಂತೆ ಖಾಲಿಯಾಯಿತು. ಒಳಗೆ ಗುಂಡಿಲ್ಲ ಅಂತ ನಾನು ಹೇಳಿದೆ. “ಗುಂಡಿಲ್ಲಂತ ಹೇಳಿದವರ ಕಥಿ ಭಾಳ ಕೇಳೀನಿ,” ಅಂದ ಇನ್ನೊಬ್ಬ. ಸರಿ, ಅವರ ಸಮಾಧಾನಕ್ಕೆ ಬಂದೂಕನ್ನು ತಿರುಗಿಸಿ, ಬಾಯಿಯನ್ನು ಹಿಂದಕ್ಕೆ ಮಾಡಿದೆ. ಇಡೀ ಮಂದಿ ಹೋ ಅಂತ ಮುಂದಕ್ಕೆ ನುಗ್ಗಿತು. ಡ್ರೈವರನ ಮೊಣಕೈಗೆ ಜನ ಒತ್ತಿ ಗೇರು ಬೀಳದಂತಾಯಿತು.

“ಲೇ, ಯಾರಲೇ ಅದು ಹಿಂದ?” ಡ್ರೈವರ್ ಬಸ್ಸು ನಿಲ್ಲಿಸಿದ.

ಕಂಡಕ್ಟರ್ ಜಾಣ. “ಬಾಯಿ ಮ್ಯಾಲ ಮಾಡಿ ಹಿಡಿಯಪಾ,” ಅಂದ. ಹಿಡಿದೆ. ಟಾಪಿನ ಮೇಲೆ ಕೂತವರು ಕಿಟಕಿಯಿಂದ ಇಣುಕಿ ಆಗಲೇ ಎಲ್ಲ ತಿಳಿದುಕೊಂಡಿದ್ದರು. ತಲೆಯ ಮೇಲೆ ದಡಬಡ ಓಡಾಟ, “ಏ, ನಾವೂ ಟಿಕೇಟ್ ತೊಗೊಂಡೀವಿ!” ಅಂತ ಕೂಗಾಟ. “ಹಂಗಾದ್ರ ಕೆಳಗ ಮಾಡು,” ಅಂದ ಕಂಡಕ್ಟರ್. ಮಾಡಿದೆ. ಡ್ರೈವರ್ ಕೂತಲ್ಲಿಂದಲೇ ಅಂದ, “ಕೆಳಗ ಟೈರ್ ಅದ. ನಿನ್ನಿ ಹಾಕಿಸೀವಿ.”

ಬಂದೂಕಿನ ಬಾಯಿಗೆ ನಾಲ್ಕು ದಿಕ್ಕೂ ಮುಗಿದವು. ಇಳಿದುಬಿಡು ಅಂತ ಕಂಡಕ್ಟರ್ ಹೇಳುವ ಹೊತ್ತಿಗೆ, ಪೋತ್ನಾಳಕ್ಕೆ ಹೊರಟಿದ್ದ ಒಬ್ಬ ಮುದುಕಿ ಸೀಟಿನಿಂದಲೇ ಕೈ ಚಾಚಿದಳು. “ತಾ ಇಲ್ಲಿ ತಮ್ಮಾ.” ಮಡಿಲಲ್ಲಿದ್ದ ಗಂಟು ಬಿಚ್ಚಿ, ಸಜ್ಜಿ ರೊಟ್ಟಿಯ ಒಂದು ತುಂಡು ಮುರಿದು, ನೀರಿನಲ್ಲಿ ಅದ್ದಿ ಮಿದ್ದಿ, ನಳಿಕೆಯ ಬಾಯಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಿದಳು. ಮಂದಿಯೆಲ್ಲ ಉಸಿರು ಬಿಟ್ಟರು. ಹಿಂದಿನವರು ಹಿಂದೆ, ಮುಂದಿನವರು ಮುಂದೆ. ಬಸ್ಸು ಹೊರಟಿತು.

“ಭಾಳ ಶಾಣ್ಯಾಕಿ ಇದ್ದಿ ಬಿಡಬೇ ಯವ್ವಾ,” ಅಂದ ಕಂಡಕ್ಟರ್. “ಎಲ್ಲಿ ಕಲ್ತಿ ಇದನ್ನ?”

“ಕಲಿಯೂದೇನದ?” ಅಂದಳು ಮುದುಕಿ, ಗಂಟು ಕಟ್ಟಿಕೊಳ್ಳುತ್ತ. “ಬಾಯಾಗ ರೊಟ್ಟಿ ತುರುಕಿದ್ರ ಎಂಥದೂ ಸುಮ್ಮನಾಗ್ತದ. ನಮ್ಮ ಮನಿಯವರಿಗೆ ದಿನಾ ಹಿಂಗ ಮಾಡ್ತೀನಿ.”

ಪಾರಿವಾಳಕ್ಕೆ ಹೊಡೆದ ಗುಂಡು

ಮಾನ್ವಿಯಲ್ಲಿ ಇಳಿದು ಗಿರಣಿಗೆ ಹೋದೆ. ಅಂಗಳದ ತುಂಬ ಭತ್ತ ಹರವಿದ್ದರು. ಭತ್ತದ ತುಂಬ ಪಾರಿವಾಳ. ಸಾಹುಕಾರರು ದಪ್ಪನೆಯ ಮನುಷ್ಯ. ಬಿಸಿಲಿನಲ್ಲಿ ಕೆಂಪಾಗಿ ನಿಂತಿದ್ದರು.

“ನೋಡ್ರಿ ಇವನ್ನ! ನಾ ಯಾರಿಗೆ ಗಿರಣಿ ಹಾಕೀನಿ? ಇವಕ್ಕ ಹಾಕೀನಿ. ಕೂಲಿಯವರು ಬಟ್ಟಿ ಬೀಸಿದ್ರ ಗಾಳಿ ಬೀಸಿದಂಗ ಖುಷಿ ಪಡ್ತಾವ. ತರ್ರಿ ಬಂದೂಕು, ಇವತ್ತ ಒಂದು ತೀರ್ಮಾನ ಆಗಲಿ.”

ಕಟ್ಟೆಯ ಮೇಲೆ ಅವರ ತಾಯಿ ಕೂತಿದ್ದರು. ಬಹಳ ವಯಸ್ಸಾದವರು, ಮೈಯೆಲ್ಲ ಸೇರಿಸಿದರೆ ಮಗನ ಒಂದು ತೋಳಿನಷ್ಟು. “ಹೊಡೀಬ್ಯಾಡೋ,” ಅಂದರು. “ಮೂಕ ಜೀವ. ಪಾಪ ಬರ್ತದ.”

“ಹೊಡಿಯೂದಿಲ್ಲಬೇ ಯವ್ವಾ. ಅಂಜಸತೀನಿ ಅಷ್ಟ.”

“ತಾಗಬಾರದು ನೋಡು ಮತ್ತ.”

ಸಾಹುಕಾರರು ನನ್ನ ಕಡೆ ತಿರುಗಿದರು. “ತಾಗದಂಗ ಹೊಡಿಯೂದು ಹೆಂಗ್ರೀ?”

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಮಿಕ್ಕವರಿಗೆಲ್ಲ ಅದು ಹೇಳಿಕೊಡದೆಯೇ ಬರುತ್ತಿತ್ತು. ನಾನು ಛರ್ರೆ ಹಾಕದೆ, ಬರೀ ಸ್ಪ್ರಿಂಗು ಬಿಗಿದು, ‘ಟಪ್’ ಸದ್ದೊಂದೇ ಸಾಕು ಅಂತ ಹೇಳಿ ಕೈಗೆ ಕೊಟ್ಟೆ. ಬಸ್ಸಿನ ಮುದುಕಿ ತುಂಬಿದ್ದ ರೊಟ್ಟಿ ನಳಿಕೆಯಲ್ಲೇ ಇತ್ತು. ಅದು ಇಬ್ಬರ ನೆನಪಿನಲ್ಲೂ ಇರಲಿಲ್ಲ. ಒಬ್ಬರಿಗೆ ಗೊತ್ತಿರಲಿಲ್ಲ, ಒಬ್ಬನಿಗೆ ಮರೆತಿತ್ತು.

ಸಾಹುಕಾರರು ಪಾರಿವಾಳಗಳ ಮೇಲಿನ ಆಕಾಶಕ್ಕೆ ಗುರಿ ಹಿಡಿದು ಎಳೆದರು. ‘ಟಪ್’ ಬದಲು ‘ಭುಸ್ಸ್’ ಅಂತ ಒಂದು ಸದ್ದು. ರೊಟ್ಟಿಯ ಪುಡಿ ಅಕ್ಷತೆಯ ಹಾಗೆ ಮೇಲೆ ಹಾರಿ, ಅಂಗಳದ ತುಂಬ ಉದುರಿತು. ಭತ್ತ ತಿಂದು ಬೇಸತ್ತಿದ್ದವೋ ಏನೋ, ಪಾರಿವಾಳಗಳು ಅದನ್ನು ಬಿಟ್ಟು ರೊಟ್ಟಿಗೆ ಬಿದ್ದವು. ಗಿರಣಿಯ ಮಾಡಿನ ಮೇಲಿದ್ದವೂ ಇಳಿದವು. ಪಕ್ಕದ ಗಿರಣಿಯ ಪಾರಿವಾಳಗಳಿಗೂ ಸುದ್ದಿ ಮುಟ್ಟಿತು.

ತಾಯಿಗೆ ಕಣ್ಣಲ್ಲಿ ನೀರು ಬಂತು. “ನನ್ನ ಮಗ ಬಂಗಾರದಂಥಾವ,” ಅಂದರು. “ಸುಳ್ಳ ಅಂಜಸತೀನಿ ಅಂದ. ಖರೇ ಅಂದ್ರ ದಾನಾ ಹಾಕಾಕ ಬಂದೂಕು ತರಿಸ್ಯಾನ.”

ಸಾಹುಕಾರರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಬಂದೂಕನ್ನು ಕೈಯಲ್ಲಿ ತಿರುವಿ ತಿರುವಿ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಪಾರಿವಾಳ ಕಟ್ಟೆಯ ಮೇಲಿದ್ದ ತಾಯಿಯ ಎಲೆ ಅಡಿಕೆಯ ತಟ್ಟೆಗೆ ಬಂದು ಕೂತಿತು. ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದವರು ಸಿಡಿದೆದ್ದರು.

“ಹುಷ್ಷ್ಷ್! ಹಾಳಾಗಿ ಹೋಗಾ!”

ಬಾಯ್ಲರಿನಿಂದ ಹಬೆ ಬಿಟ್ಟ ಹಾಗಾಯಿತು. ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಅಂಗಳದ ಪಾರಿವಾಳಗಳೆಲ್ಲ ಒಂದೇ ಸಲಕ್ಕೆ ಎದ್ದು, ಕಾಲುವೆ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಹೋದವು. ನಾನು ಅಲ್ಲಿ ಚಹಾ ಕುಡಿದು ಮುಗಿಸುವವರೆಗೂ ಒಂದೂ ತಿರುಗಿ ಬರಲಿಲ್ಲ.

ಸಾಹುಕಾರರು ಬಂದೂಕನ್ನು ನನ್ನ ಕೈಗೆ ವಾಪಸು ಕೊಟ್ಟರು. ತಾಯಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಈ ಸೌಂಡಿನ ಮಾಡೆಲ್ ಅದ ಏನ್ರೀ ನಿಮ್ಮ ಅಂಗಡ್ಯಾಗ?”

ದುರ್ಬೀನು

ಎಂಬತ್ತರ ದಶಕದಲ್ಲಿ ಹೊಸ ಸಾಮಾನು ಬಂತು, ಏರ್‌ಗನ್ನಿನ ಮೇಲೆ ಕೂರಿಸುವ ದುರ್ಬೀನು. ದೂರದ ಗುರಿ ಮೂಗಿನ ತುದಿಗೆ ಬಂದ ಹಾಗೆ ಕಾಣುತ್ತದೆ. ಸುದ್ದಿ ಕೇಳಿ ಒಂದು ಸರ್ಕಾರಿ ಕಚೇರಿಯ ದೊಡ್ಡ ಸಾಹೇಬರು ಬಂದರು. ಒಳ್ಳೆಯವರು, ಮಿತಭಾಷಿ. ಮಧ್ಯಾಹ್ನದ ಹೊತ್ತು, ಅಂಗಡಿಯ ಮಾಳಿಗೆ ಹತ್ತಿಸಿ, ದುರ್ಬೀನನ್ನು ಬಂದೂಕಿನಿಂದ ಬಿಚ್ಚಿ ಕೈಗೆ ಕೊಟ್ಟೆ. “ಮೊದಲು ಬರೇ ಇದನ್ನ ನೋಡ್ರಿ ಸಾಹೇಬ್ರ, ಕಣ್ಣಿಗೆ ಹೊಂದಲಿ.”

ಸಾಹೇಬರು ಮೊದಲು ಕೋಟೆಯ ಗುಡ್ಡ ನೋಡಿದರು. “ವಾ!” ಅಂದರು. ಆಮೇಲೆ ಪೇಟೆಯ ಕಡೆ ತಿರುಗಿಸಿದರು. ಹಿಂದಿನ ರಸ್ತೆಯ ಟಾಕೀಜಿನ ಮುಂದೆ ಮ್ಯಾಟಿನಿ ಆಟಕ್ಕೆ ಸಾಲು ನಿಂತಿತ್ತು. ದುರ್ಬೀನು ಅಲ್ಲಿ ನಿಂತಿತು. ಬಹಳ ಹೊತ್ತು ಅಲುಗಲಿಲ್ಲ.

“ಇಲ್ಲಿ ಬರ್ರಿ. ಆ ನೀಲಿ ಅಂಗಿಯವನ್ನ ನೋಡ್ರಿ. ನಮ್ಮ ಹೆಡ್ ಕ್ಲರ್ಕ್ ಹೌದಲ್ಲ?”

ನೋಡಿದೆ. ಹೌದು. ಹೆಡ್ ಕ್ಲರ್ಕು ನಮ್ಮ ಓಣಿಯವರೇ. ಕಡಲೆಕಾಯಿ ತಿನ್ನುತ್ತ ನಿಂತಿದ್ದರು.

“ರಜಾ ಹಾಕ್ಯಾನ,” ಅಂದರು ಸಾಹೇಬರು. “ಅವರ ಅತ್ತಿ ತೀರ್ಕೊಂಡಾರಂತ. ಮುಂಜಾನಿ ನನ್ನ ಮುಂದ ಅಳಾಕತ್ತಿದ್ದ. ನಾನ ಚಹಾ ಕುಡಿಸಿ ಕಳಿಸೀನಿ.”

ದುರ್ಬೀನನ್ನು ಅವರ ಕೈಗೆ ವಾಪಸು ಕೊಟ್ಟೆ.

“ಪಕ್ಕದಾಗ ಒಬ್ಬಾಕಿ ಮುದುಕಿ ಅದಾಳಲ್ಲ, ಕಡಲಿಕಾಯಿ ಸುಲದು ಕೊಡಾಕತ್ತಾಳ. ಯಾರಾಕಿ?”

ಏನು ಮಾಡುವುದು? ಓಣಿಯವನಾಗಿ ಸುಳ್ಳು ಹೇಳಲು ಬರುತ್ತದೆಯೇ? “ಅವರ ಅತ್ತೀರಿ ಸಾಹೇಬ್ರ,” ಅಂದೆ.

ಸಾಹೇಬರು ದುರ್ಬೀನನ್ನು ಮತ್ತೆ ಕಣ್ಣಿಗೆ ಹಿಡಿದರು. ಮುಖದಲ್ಲಿ ನಗು ಮೂಡತೊಡಗಿತ್ತು. ನಾಳೆ ಕಚೇರಿಯಲ್ಲಿ ಏನು ಕೇಳಬೇಕು ಅನ್ನುವುದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು ಅನ್ನಿಸುತ್ತದೆ. ಅಲ್ಲಿಂದ ದುರ್ಬೀನು ನಿಧಾನಕ್ಕೆ ಹೆಂಗಸರ ಸಾಲಿಗೆ ಸರಿಯಿತು. ಅಲ್ಲಿ ನಿಂತಿತು. ಮುಖದ ನಗು ಹಾಗೇ ಒಣಗಿತು.

“ಏನಾತ್ರೀ ಸಾಹೇಬ್ರ?”

“ನಮ್ಮ ಮನಿಯಾಕಿ,” ಅಂದರು. “ಮುಂಜಾನಿ ತಲಿ ಸಿಡಿತದ ಅಂತ ಅಡಿಗಿ ಮಾಡಿಲ್ಲ. ನಾ ಹೋಟೆಲಿನಾಗ ಉಂಡು ಬಂದೀನಿ.”

ಕೆಳಗಿನಿಂದ ಮಾಲಕರು, “ಕೈಸಾ ಹೈ ಸಾಬ್? ಎಲ್ಲಾ ಹತ್ರ ಕಾಣ್ತದಲ್ಲಾ?” ಅಂತ ಕೂಗಿದರು. ಸಾಹೇಬರು ದುರ್ಬೀನನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಕಣ್ಣಿಗೆ ಹಿಡಿಯುವ ತುದಿಯನ್ನು ಆ ಕಡೆ ಮಾಡಿ, ದೊಡ್ಡ ಗಾಜಿನ ಕಡೆಯಿಂದ ಮತ್ತೊಮ್ಮೆ ಟಾಕೀಜಿನ ಕಡೆ ನೋಡಿದರು. ಹಾಗೆ ಹಿಡಿದರೆ ಎಲ್ಲವೂ ಇರುವೆಯಷ್ಟಾಗಿ, ಎಲ್ಲೋ ದೂರ ಕಾಣುತ್ತವೆ. ಅವರ ಮುಖಕ್ಕೆ ಮತ್ತೆ ಕಳೆ ಬಂತು.

“ಈಗ ಸರಿ ಆತು ನೋಡ್ರಿ,” ಅಂದರು. “ಇದನ್ನ ಪ್ಯಾಕ್ ಮಾಡ್ರಿ.”

ಮಸರಕಲ್ಲಿನ ನಿಂಬೆಹಣ್ಣು

ನನ್ನ ಮದುವೆ ನಿಶ್ಚಯವಾದದ್ದೂ ಒಂದು ಟ್ರಾಯಲ್‌ನಿಂದಲೇ. ಇದನ್ನು ನನ್ನ ಹೆಂಡತಿ ಒಂದು ರೀತಿ ಹೇಳುತ್ತಾಳೆ, ನಾನು ಒಂದು ರೀತಿ ಹೇಳುತ್ತೇನೆ. ಅವಳು ಹೇಳುವುದೇ ಹೆಚ್ಚು ಸರಿ, ಯಾಕೆಂದರೆ ನಾನು ಆಗ ಕಣ್ಣು ಮುಚ್ಚಿದ್ದೆ.

ನಮ್ಮದು ಕೂಲಿ ಮಾಡಿ ಬದುಕಿದ ಮನೆತನ. ನಾನೊಬ್ಬ ಹತ್ತನೇ ಇಯತ್ತೆ ಪಾಸಾಗಿ ಅಂಗಡಿ ಸೇರಿದ್ದೆ. ಎರಡು ಮೂರು ಕಡೆ ಹೆಣ್ಣು ನೋಡಲು ಹೋದರೆ, “ಹುಡುಗ ಏನು ಮಾಡ್ತಾನ?” ಅಂತ ಕೇಳಿ, “ಆಟದ ಸಾಮಾನು ಮಾರತಾನ,” ಅಂದ ಕೂಡಲೇ ಚಹಾ ತಣ್ಣಗಾಗುತ್ತಿತ್ತು. ಪೀಪಿ, ಬಲೂನು ಮಾರುವವನು ಅಂತ ತಿಳಿಯುತ್ತಿದ್ದರು. ಅವ್ವ ಕೊರಗತೊಡಗಿದಳು. ಆಗ ದೇವದುರ್ಗದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ನಮ್ಮ ಸೋದರಮಾವ ಮಸರಕಲ್ಲಿನಲ್ಲಿ ಒಂದು ಹೆಣ್ಣು ನೋಡಿದ. ಹುಡುಗಿ ಟಿ.ಸಿ.ಎಚ್. ಮುಗಿಸಿ ಮಾಸ್ತರಿಕೆಗೆ ಕಾಯುತ್ತಿದ್ದಳು. ನಮಗಿಂತ ಒಂದು ಗುಂಜಿ ಮೇಲೆಯೇ. ಈ ಸಲ ಮಾವ ಮಾತು ಬದಲಿಸಿದ್ದ.

“ಏನು ಹೇಳೀ ಮಾವ ಅವರ ಮುಂದ?” ಅಂದೆ.

“ಬಂದೂಕಿನ ವ್ಯವಹಾರದಾಗ ಅದಾನ ಅಂದೀನಿ. ಸುಳ್ಳೇನದ ಅದರಾಗ?”

ಹೊರಡುವ ದಿನ ನಮ್ಮ ಮಾಲಕರು ಒಂದು ಹೊಸ ಏರ್‌ಗನ್ ಕೈಗಿಟ್ಟರು. ದೇವದುರ್ಗದ ಗಿರಾಕಿಯೊಬ್ಬರಿಗೆ ಮುಟ್ಟಿಸಬೇಕಿತ್ತು. “ಏಕ್ ಟಿಕೆಟ್, ಎರಡು ಕೆಲಸ,” ಅಂದರು. ಹಾಗಾಗಿ ಹೆಣ್ಣು ನೋಡಲು ಬಂದೂಕು ಹಿಡಿದುಕೊಂಡು ಹೋದ ವರ ಆ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅವರ ಮನೆಯಲ್ಲಿ ಮಾತು ನಡೆಯುವುದು ಮುತ್ಯಾನದು, ಹುಡುಗಿಯ ಅಜ್ಜ. ಬಿಳೀ ಹುಬ್ಬು, ಕೈಯಲ್ಲಿ ಬೀಡಿ. ಕಂಬಳಿ ಹಾಸಿ ಕೂರಿಸಿದರು. ಹುಡುಗಿ ಚಹಾ ತಂದಳು. ತಲೆ ಎತ್ತಿ ನೋಡಬೇಕು ಅಂದುಕೊಂಡವನು ಕಪ್ಪಿನಲ್ಲೇ ನೋಡುತ್ತ ಕೂತೆ. ಹಸಿರು ಬಳೆ ಮಾತ್ರ ಕಂಡವು. ಮುತ್ಯಾ ಬಂದೂಕನ್ನು ನೋಡಿ ಕೇಳಿದ, “ಮಾರಾಕ ಅಷ್ಟ ಬರ್ತದೋ, ಹೊಡಿಯಾಕೂ ಬರ್ತದೋ?”

ನಾನು ಬಾಯಿ ತೆರೆಯುವ ಮೊದಲೇ ಮಾವ ನುಗ್ಗಿದ. “ಬರ್ತದಂದ್ರೇನ್ರೀ! ಹಾರೂ ನೊಣಕ್ಕ ಯಾವ ರೆಕ್ಕಿಗೆ ಹೊಡೀಲಿ, ಎಡದ್ದೋ ಬಲದ್ದೋ ಅಂತ ಕೇಳಿ ಹೊಡಿತಾನ.”

ನಿಜ ಹೇಳಬೇಕೆಂದರೆ, ಇಷ್ಟು ಮಂದಿಗೆ ಟ್ರಾಯಲ್ ತೋರಿಸಿದ ನಾನು ಅಂಗಡಿಯ ಹಿತ್ತಲಲ್ಲಿದ್ದ ಬಾಗಿಲಿನಷ್ಟು ಅಗಲದ ಹಲಗೆಗೂ ಒಮ್ಮೆಯೂ ಗುಂಡು ತಾಗಿಸಿದವನಲ್ಲ. ಪಕ್ಕದ ಮನೆಯವರು ನಾನು ಬಂದೂಕು ಎತ್ತಿದರೆ ಹಪ್ಪಳ ಒಳಗೆ ಒಯ್ಯುತ್ತಿದ್ದರು.

“ನೊಣ ಬ್ಯಾಡ,” ಅಂದ ಮುತ್ಯಾ. “ನಿಂಬಿಹಣ್ಣು ಕಟ್ಟಸತೀನಿ. ಹೊಡಿ, ನೋಡೂನು.”

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅರ್ಧ ಊರು ಅಂಗಳದಲ್ಲಿ ಸೇರಿತು. ಹುಡುಗಿಯನ್ನೇ ಕರೆದು ನಿಂಬೆಹಣ್ಣು ಕಟ್ಟು ಅಂದರು. ಬೇವಿನ ಟೊಂಗೆ ಅವಳ ಕೈಗೆ ಎಟುಕಲಿಲ್ಲ. ದಾರವನ್ನು ಟೊಂಗೆಯ ಮೇಲೆ ಎಸೆದು, ಈ ತುದಿಗೆ ಹಣ್ಣು ಕಟ್ಟಿ, ಆ ತುದಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿ ಒಳಗೆ ಹೋದಳು.

ನಾನು ಎದ್ದು ಹೋಗಿ ನಿಂತೆ. ನಳಿಕೆ ಮಡಚಿದೆ. ಛರ್ರೆಗೆ ಜೇಬಿಗೆ ಕೈ ಹಾಕಿದರೆ ಡಬ್ಬಿ ಇಲ್ಲ! ಒಳಗೆ ಕಂಬಳಿಯ ಮೇಲೆ ಬಿಟ್ಟು ಬಂದಿದ್ದೆ. ಬಂದೂಕಿನ ವ್ಯವಹಾರದವನು ಗುಂಡು ಮರೆತು ಬಂದ ಅಂತ ಹೇಗೆ ಹೇಳಲಿ? ಆಮೇಲೆ ಒಂದು ವಿಚಾರ ಹೊಳೆಯಿತು: ಛರ್ರೆ ಇದ್ದರೂ ತಾಗುವುದಿಲ್ಲ, ಇಲ್ಲದಿದ್ದರೂ ತಾಗುವುದಿಲ್ಲ. ಇಷ್ಟು ಮಂದಿಯ ನಡುವೆ ಇಲ್ಲದಿರುವುದೇ ಕ್ಷೇಮ. ಮದುವೆಯ ಆಸೆ ಬಿಟ್ಟು, ಖಾಲಿ ಬಂದೂಕು ಎತ್ತಿ, ಕಣ್ಣು ಮುಚ್ಚಿ ಎಳೆದೆ. ಟಪ್!

“ಹೋ!” ಅಂದಿತು ಊರು.

ಕಣ್ಣು ಬಿಟ್ಟರೆ ನಿಂಬೆಹಣ್ಣು ನೆಲದ ಮೇಲೆ ಉರುಳುತ್ತಿತ್ತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ನಾನು.

ಮುತ್ಯಾ ಹೋಗಿ ಹಣ್ಣು ಎತ್ತಿ, ಹೊರಳಿಸಿ ಹೊರಳಿಸಿ ನೋಡಿದ. “ತೂತ ಇಲ್ಲಲ್ಲೋ?”

ನಾನು ನಳಿಕೆಯ ತುದಿ ಒರೆಸತೊಡಗಿದೆ. ಮಾವ ಮಾತ್ರ ಕಣ್ಣು ಮಿಟುಕಿಸಲಿಲ್ಲ. “ಹಣ್ಣಿಗೆ ಯಾಕ ಹೊಡಿತಾನ್ರೀ? ದಾರಕ್ಕ ಹೊಡದಾನ! ನಿಮ್ಮ ಮನಿ ನಿಂಬಿಹಣ್ಣು ಹಾಳಾಗಬಾರದು ಅಂತ. ನಾಳಿ ಉಪ್ಪಿನಕಾಯಿಗೆ ಆಗ್ತದ, ಇಡ್ರಿ.”

ಹೆಂಗಸರೆಲ್ಲ, “ಎಷ್ಟು ಜ್ವಾಕಿ ಮಾಡ್ತಾನ ನೋಡಬೇ ಹುಡುಗ,” ಅಂತ ಪಿಸುಗುಟ್ಟಿದರು. ಮುತ್ಯಾ ಮಾತ್ರ ಬೀಡಿ ಬಾಯಿಂದ ತೆಗೆಯಲಿಲ್ಲ. “ಕಟ್ಟು ಇನ್ನೊಂದು,” ಅಂದ ಮೊಮ್ಮಗಳಿಗೆ. “ಈ ಸಲ ನಾ ಹಣ್ಣಿನ ಹತ್ರ ನಿಂದ್ರತೀನಿ.”

ಅವಳು ಹೊರಗೆ ಬಂದು ಇನ್ನೊಂದು ಹಣ್ಣು ಕಟ್ಟಿದಳು. ದಾರ ಹಿಡಿದು ಹಿಂದಿರುಗುವಾಗ ನನ್ನ ಪಕ್ಕದಲ್ಲೇ ಹಾದು, ಮುಖ ಆ ಕಡೆ ಮಾಡಿಕೊಂಡೇ ಅಂದಳು, “ನಿಮ್ಮ ಡಬ್ಬಿ ಒಳಗ ಅದ. ಸುಮ್ಮನ ಹೊಡೀರಿ, ನಾ ಅದೀನಿ.”

ಆಗ ನೋಡಿದೆ. ದಾರದ ಹಾದಿಯನ್ನೇ ಕಣ್ಣಿನಲ್ಲಿ ಹಿಡಿದು ಹೋದೆ. ಹಣ್ಣಿನಿಂದ ಟೊಂಗೆಗೆ, ಟೊಂಗೆಯಿಂದ ಕಿಟಕಿಗೆ. ಈ ಸಲ ಸರಳಿಗೆ ಗಂಟಿರಲಿಲ್ಲ. ದಾರದ ತುದಿ ಕಿಟಕಿಯ ಒಳಗೆ ಹೋಗಿತ್ತು. ಅಲ್ಲಿ ಹಸಿರು ಬಳೆಯ ಒಂದು ಕೈ. ಮೊದಲ ಸಲ ಗಂಟು ಬಿಚ್ಚಿದ್ದೂ ಅದೇ ಕೈ.

ಒಬ್ಬ ಹುಡುಗಿ, ನಾನು ಮುಖವನ್ನೂ ಸರಿಯಾಗಿ ನೋಡದ ಹುಡುಗಿ, ಅರ್ಧ ಊರಿನ ಮುಂದೆ ನನ್ನ ಮಾನವನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ನಳಿಕೆ ಮಡಚಿ ಬಂದೂಕು ಎತ್ತಿದೆ. ಎಳೆಯುವ ಮೊದಲು, ಇದೊಂದು ಸರಿಯಾಗಿ ಆಗಲಿ ದೇವರೇ ಅಂತ ಒಂದು ಗಳಿಗೆ ಎರಡೂ ಕಣ್ಣು ಮುಚ್ಚಿ ಬೇಡಿಕೊಂಡೆ.

ಅದೇ ತಪ್ಪಾಯಿತು. ಮೊದಲ ಸಲ ನಾನು ಕಣ್ಣು ಮುಚ್ಚಿದ ಕೂಡಲೇ ‘ಟಪ್’ ಅಂದಿದ್ದನ್ನು ಅವಳು ನೋಡಿಟ್ಟುಕೊಂಡಿದ್ದಳು. “ನಿಮ್ಮ ಕಣ್ಣು ಮುಚ್ಚಿದ್ದ ನನಗ ಸೀಟಿ ಊದಿದಂಗ. ನಡುವ ದೇವರಿಗೆ ಬೇಡ್ಕೊಂತೀರಿ ಅಂತ ನನಗೇನು ಗೊತ್ತು?” ಅನ್ನುತ್ತಾಳೆ ಇವತ್ತಿಗೂ.

ನಾನು ದೇವರಲ್ಲಿ ಬೇಡುತ್ತಿದ್ದಂತೆ ಎದುರಿಗೆ ದೊಪ್ಪೆಂದು ಸದ್ದಾಯಿತು. ಬೆಚ್ಚಿ ಕಣ್ಣು ಬಿಟ್ಟೆ. ಹಣ್ಣು ನೆಲದ ಮೇಲೆ. ಬಂದೂಕು ಇನ್ನೂ ಭುಜದ ಮೇಲೆ, ಹೊಡೆದೇ ಇಲ್ಲ. ಬೆಚ್ಚಿದ ಭರಕ್ಕೆ ಬೆರಳು ತಾನೇ ಎಳೆಯಿತು. ಟಪ್!

ಮೊದಲು ಹಣ್ಣು, ಆಮೇಲೆ ಬಂದೂಕು. ಅಷ್ಟೂ ಮಂದಿ ಕಣ್ಣಾರೆ ನೋಡಿದ್ದರು. ಮಾವ ಬಾಯಿ ತೆರೆದ, ಮುಚ್ಚಿದ. ಕಿಟಕಿಯಲ್ಲಿ ಬಳೆಗಳೂ ಅಲುಗಲಿಲ್ಲ.

ಮುತ್ಯಾ ಬಗ್ಗಿ ನಿಂಬೆಹಣ್ಣು ಎತ್ತಿಕೊಂಡ. ಅದನ್ನು ನೋಡಿದ, ನನ್ನನ್ನು ನೋಡಿದ. ತಲೆ ಎತ್ತಿ ಟೊಂಗೆ ನೋಡಿದ, ಅಡುಗೆಮನೆಯ ಕಿಟಕಿಯ ಕಡೆ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಬಿಳೀ ಹುಬ್ಬು ಒಂದು ಸಲ ಮೇಲೇರಿ ಇಳಿಯಿತು. ಆಮೇಲೆ ಬೀಡಿ ಬಾಯಿಂದ ತೆಗೆದು, ಹಣ್ಣನ್ನು ಊರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದು ಹೇಳಿದ:

“ನೋಡ್ರಲೇ! ಮೊದಲಿನ ಹಣ್ಣಿನ ಗತಿ ನೋಡಿ, ಇದು ಅಂಜಿ ತಾನ ಬಿತ್ತು!”